ಮಾದರಿಯಿಂದ ಮೊದಲಾಗುವ ವಿದ್ಯೆ

ರೋಗ ತರುವ ಸೂಕ್ಷ್ಮಜೀವಿಗಳ ಸ್ವರೂಪ, ಅವು ಮನುಷ್ಯನ ದೇಹವನ್ನು ಹೊಗುವ ದಾರಿ, ಹೊಕ್ಕ ಮೇಲೆ ಮಾಡುವ ಹಾನಿ, ಆ ಹಾನಿಗೆ ದೇಹ ಒಡ್ಡುವ ಪ್ರತಿರೋಧ, ಕೊನೆಗೆ ಅವುಗಳನ್ನು ಗುರುತಿಸಿ ಹತ್ತಿಕ್ಕುವ ಉಪಾಯ, ಇಷ್ಟನ್ನೂ ಒಟ್ಟಾಗಿ ಅಭ್ಯಾಸ ಮಾಡುವ ಶಾಸ್ತ್ರಕ್ಕೆ ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರವೆಂದು ಹೆಸರು. ಬ್ಯಾಕ್ಟೀರಿಯ, ವೈರಸ್, ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರ, ಮಲೇರಿಯದ ರೋಗಾಣುವಿನಂಥ ಪರಾವಲಂಬಿ, ಈ ನಾಲ್ಕು ಬಗೆಯ ಜೀವಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಇವನ್ನೇ ರೋಗಿಯ ಕಡೆಯಿಂದ ನೋಡುವುದು, ಅಂದರೆ ಜ್ವರ ಏಕೆ ಬಂತು, ಎಲ್ಲಿಂದ ಬಂತು, ಯಾರಿಗೆ ಹರಡೀತು, ಯಾವ ಔಷಧಕ್ಕೆ ಮಣಿದೀತು ಎಂದು ವಿಚಾರಿಸುವುದು ಸೋಂಕುರೋಗ ವಿಜ್ಞಾನದ ಕೆಲಸ. ವಿಶ್ವವಿದ್ಯಾಲಯಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ವಿಭಾಗಗಳಿದ್ದರೂ ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತವರ ಕಲಿಕೆ ಅರೆಬರೆಯಾಗಿಯೇ ಉಳಿಯುತ್ತದೆ. ಎರಡನ್ನೂ ಬೆಸೆಯುವ ವಸ್ತುವೆಂದರೆ ರೋಗಿಯ ದೇಹದಿಂದ ಪರೀಕ್ಷೆಗಾಗಿ ತೆಗೆದ ಮಾದರಿ. ಅದು ಒಂದು ಡಬ್ಬಿಯಷ್ಟು ಕಫವಿರಬಹುದು, ಒಂದು ಸೀಸೆ ರಕ್ತವಿರಬಹುದು, ಬೆನ್ನುಹುರಿಯ ಸುತ್ತಲಿನ ದ್ರವದ ನಾಲ್ಕು ಹನಿಗಳೇ ಇರಬಹುದು. ಅದನ್ನು ಯಾರಿಂದ, ಕಾಯಿಲೆಯ ಯಾವ ದಿನ, ಯಾವ ಕ್ರಮದಲ್ಲಿ ತೆಗೆಯಲಾಯಿತು, ಎಷ್ಟು ಹೊತ್ತಿನಲ್ಲಿ ಪ್ರಯೋಗಾಲಯ ಮುಟ್ಟಿತು ಎಂಬುದರ ಮೇಲೆ ಮುಂದಿನದೆಲ್ಲವೂ ನಿಂತಿರುವುದರಿಂದ, ಈ ವಿದ್ಯೆಯ ವ್ಯಾಸಂಗವೂ ಅಲ್ಲಿಂದಲೇ ಮೊದಲಾಗಬೇಕೆಂಬುದು ಈ ಭಾಷಣದ ಪ್ರತಿಪಾದನೆ.

ಒಂದು ರೋಗಕ್ಕೆ ಒಂದು ನಿರ್ದಿಷ್ಟ ಜೀವಿಯೇ ಕಾರಣವೆಂದು ಹೇಳಬೇಕಾದರೆ ಯಾವ ಬಗೆಯ ಪುರಾವೆ ಬೇಕು ಎಂಬ ಪ್ರಶ್ನೆಯಿಂದಲೇ ಈ ಶಾಸ್ತ್ರ ಹುಟ್ಟಿತೆನ್ನಬೇಕು. ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕ್ಷಯರೋಗದ ಬ್ಯಾಕ್ಟೀರಿಯವನ್ನು ಪ್ರಕಟಪಡಿಸಿದಾಗ ಆ ಪುರಾವೆಯ ಒಂದು ಮೇಲ್ಪಂಕ್ತಿ ಸಿದ್ಧವಾಯಿತು. ಆ ಜೀವಿ ರೋಗಿಗಳೆಲ್ಲರಲ್ಲೂ ಕಾಣಬೇಕು, ದೇಹದ ಹೊರಗೆ ಬೇರೆ ಯಾವುದರ ಬೆರಕೆಯೂ ಇಲ್ಲದೆ ಅದನ್ನು ಬೆಳೆಸಬೇಕು, ಹಾಗೆ ಬೆಳೆಸಿದ್ದನ್ನು ಆರೋಗ್ಯವಂತ ಪ್ರಾಣಿಗೆ ಚುಚ್ಚಿದಾಗ ಅದೇ ರೋಗ ಬರಬೇಕು, ಆ ಪ್ರಾಣಿಯಿಂದ ಅದೇ ಜೀವಿಯನ್ನು ಮರಳಿ ಪಡೆಯಬೇಕು ಎಂಬ ನಾಲ್ಕು ಕಟ್ಟಳೆಗಳು ಇಂದಿಗೂ ಕಾಖ್ ನಿಯಮಗಳೆಂಬ ಹೆಸರಿನಲ್ಲಿ ಮೊದಲ ಪಾಠಗಳಲ್ಲಿ ಬರುತ್ತವೆ. ಬೆರಕೆಯಿಲ್ಲದೆ ಬೆಳೆಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಆಲೂಗಡ್ಡೆಯ ಹೋಳುಗಳ ಮೇಲೆ, ಆಮೇಲೆ ಜೆಲಾಟಿನ್ ಎಂಬ ಅಂಟಿನ ಮೇಲೆ ಪ್ರಯತ್ನ ನಡೆಯಿತಾದರೂ, ದೇಹದ ಶಾಖದಲ್ಲಿಟ್ಟರೆ ಜೆಲಾಟಿನ್ ಕರಗಿ ನೀರಾಗುತ್ತಿತ್ತು. ಕಾಖ್ ಅವರ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ಕಡಲಪಾಚಿಯಿಂದ ತೆಗೆಯುವ, ಅಡುಗೆಯಲ್ಲಿ ಹಣ್ಣಿನ ರಸವನ್ನು ಗಟ್ಟಿಗೊಳಿಸಲು ತಾವು ಬಳಸುತ್ತಿದ್ದ ಅಗರ್ ಎಂಬ ಪದಾರ್ಥವನ್ನು ಸೂಚಿಸಿದ ಮೇಲೆ ಆ ತೊಡಕು ನಿವಾರಣೆಯಾಯಿತು. ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲೂ ಈಗ ಬ್ಯಾಕ್ಟೀರಿಯ ಹೆಚ್ಚಾಗಿ ಬೆಳೆಯುವುದು ಆ ಅಗರ್ ಹಾಸಿನ ಮೇಲೆಯೇ, 1887ರಲ್ಲಿ ಪೆಟ್ರಿ ಎಂಬ ವಿಜ್ಞಾನಿ ರೂಪಿಸಿದ ಮುಚ್ಚಳದ ತಟ್ಟೆಗಳಲ್ಲಿಯೇ.

ಈ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಅವು ಎಲ್ಲಿ ಸೋಲುತ್ತವೆಂದು ತಿಳಿಯುವುದು ವಿದ್ಯಾರ್ಥಿಗೆ ಹೆಚ್ಚು ಉಪಕಾರಿ. ಕುಷ್ಠರೋಗದ ಬ್ಯಾಕ್ಟೀರಿಯವನ್ನು ನಾರ್ವೆಯ ಹ್ಯಾನ್ಸನ್ 1873ರಷ್ಟು ಹಿಂದೆಯೇ ಕಂಡಿದ್ದರೂ ಅದನ್ನು ಕೃತಕ ಆಹಾರದ ಮೇಲೆ ಬೆಳೆಸುವುದು ಈವರೆಗೆ ಸಾಧ್ಯವಾಗಿಲ್ಲ. ಕಾಲರಾದ ಬ್ಯಾಕ್ಟೀರಿಯವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಯಾವ ತೊಂದರೆಯೂ ಇಲ್ಲದೆ ಓಡಾಡುವವರು ಇರುತ್ತಾರೆಂಬುದು ಸ್ವತಃ ಕಾಖ್ ಅವರಿಗೇ ಗೋಚರವಾಯಿತು. 1884ರಲ್ಲಿ ಕಲ್ಕತ್ತೆಗೆ ಬಂದು ಕಾಲರಾ ರೋಗಿಗಳಲ್ಲೂ ಅಲ್ಲಿಯ ಕೆರೆಯ ನೀರಿನಲ್ಲೂ ಆ ಬಾಗಿದ ಬ್ಯಾಕ್ಟೀರಿಯವನ್ನು ಗುರುತಿಸಿದ ಅವರು, ಅದು ಸ್ರವಿಸುವ ವಿಷವೇ ಭೇದಿಗೆ ಕಾರಣವಿರಬೇಕೆಂದು ಊಹಿಸಿದ್ದರು. ಆ ಊಹೆಗೆ ಪುರಾವೆ ದೊರೆತದ್ದು 75 ವರ್ಷಗಳ ನಂತರ, ಅದೇ ಕಲ್ಕತ್ತೆಯಲ್ಲಿ. ಶಂಭುನಾಥ ಡೇ ಎಂಬ ವಿಜ್ಞಾನಿ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಕಾಲರಾ ಬ್ಯಾಕ್ಟೀರಿಯ ಬೆಳೆದ ದ್ರವವನ್ನು ಸೋಸಿ, ಒಂದೂ ಜೀವಿ ಉಳಿಯದ ಆ ತಿಳಿಯನ್ನು ಅದರೊಳಕ್ಕೆ ಸೇರಿಸಿದಾಗ ಕರುಳು ನೀರು ತುಂಬಿ ಉಬ್ಬಿತು. ಬ್ಯಾಕ್ಟೀರಿಯವೇ ಇಲ್ಲದೆ ಅದರ ವಿಷ ಮಾತ್ರವೇ ಭೇದಿಯನ್ನು ತರಬಲ್ಲದೆಂದು 1959ರಲ್ಲಿ ಅವರು ಪ್ರಕಟಿಸಿದ ಆ ಪ್ರಯೋಗ ಹೆಚ್ಚಿನ ಉಪಕರಣಗಳ ನೆರವಿಲ್ಲದೆ, ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡದ್ದರಿಂದ ಗೆದ್ದಿತು. ಅವರಿಗೆ ಸಲ್ಲಬೇಕಾದ ಗೌರವ ಸ್ವದೇಶದಲ್ಲಿ ಸಕಾಲದಲ್ಲಿ ಸಲ್ಲಲಿಲ್ಲವೆಂಬುದು ಭಾರತದ ವಿದ್ಯಾಸಂಸ್ಥೆಗಳು ಮರೆಯಬಾರದ ಸಂಗತಿ.

ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಷಯ ಎಂ.ಬಿ.ಬಿ.ಎಸ್. ಪದವಿಯ ಎರಡನೆಯ ಘಟ್ಟದಲ್ಲಿ, ರೋಗನಿದಾನಶಾಸ್ತ್ರ ಮತ್ತು ಔಷಧಶಾಸ್ತ್ರಗಳ ಜೊತೆಗೆ ಬರುತ್ತದೆ. ಬಹುಕಾಲ ಇದನ್ನು ಜೀವಿಗಳ ಹೆಸರಿನ ಕ್ರಮದಲ್ಲಿಯೇ ಕಲಿಸಲಾಗುತ್ತಿತ್ತು. ಒಂದು ದಿನ ಸ್ಟೆಫಿಲೋಕಾಕಸ್, ಮರುದಿನ ಸ್ಟ್ರೆಪ್ಟೋಕಾಕಸ್ ಎಂದು ಪ್ರತಿಯೊಂದರ ಆಕಾರ, ಬಣ್ಣ, ಬೆಳೆಯುವ ಬಗೆ, ತರುವ ರೋಗಗಳ ಪಟ್ಟಿ ಸಾಲಾಗಿ ಬರುತ್ತಿದ್ದವು. ಕೇರಳದ ಪ್ರಾಧ್ಯಾಪಕರಾದ ಅನಂತನಾರಾಯಣ ಮತ್ತು ಜಯರಾಮ ಪಣಿಕ್ಕರ್ ಅವರು ಬರೆದು 1978ರಲ್ಲಿ ಮೊದಲು ಪ್ರಕಟವಾದ ಪಠ್ಯಪುಸ್ತಕವನ್ನು ಓದದೆ ವೈದ್ಯರಾದವರು ಆ ಬಳಿಕದ ತಲೆಮಾರುಗಳಲ್ಲಿ ವಿರಳ. ಆ ಪುಸ್ತಕದ ಸ್ಪಷ್ಟತೆಗೆ ಎಷ್ಟು ಋಣಿಯಾದರೂ ಸಾಲದು. ಆದರೆ ಹೆಸರುಗಳ ಕ್ರಮದಲ್ಲಿ ಕಲಿತ ವಿದ್ಯಾರ್ಥಿ ವಾರ್ಡಿಗೆ ಬಂದಾಗ ತಬ್ಬಿಬ್ಬಾಗುತ್ತಿದ್ದುದೂ ನಿಜ. ಏಕೆಂದರೆ ರೋಗಿ ಬರುವುದು ಬ್ಯಾಕ್ಟೀರಿಯದ ಹೆಸರು ಹೇಳಿಕೊಂಡಲ್ಲ, ಹತ್ತು ದಿನದಿಂದ ಜ್ವರ, ಮೈಕೈ ನೋವು, ಊಟ ಸೇರುತ್ತಿಲ್ಲ ಎಂದು ಹೇಳಿಕೊಂಡು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಈ ಕ್ರಮವನ್ನು ತಿರುಗಿಸಿ, ರಕ್ತ ಮತ್ತು ಹೃದಯ, ಜೀರ್ಣಾಂಗ, ಉಸಿರಾಟ, ನರಮಂಡಲ, ಮೂತ್ರಾಂಗ ಎಂದು ದೇಹದ ಭಾಗಗಳನ್ನು ಹಿಡಿದು ಸೋಂಕುಗಳನ್ನು ಜೋಡಿಸಿದೆ. ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಈ ಬದಲಾವಣೆ ಒಪ್ಪತಕ್ಕದ್ದೇ. ಆದರೂ ಪಠ್ಯದ ಅಧ್ಯಾಯಗಳನ್ನು ಹಿಂದುಮುಂದು ಮಾಡಿದ ಮಾತ್ರಕ್ಕೆ ವಾರ್ಡಿಗೂ ಪ್ರಯೋಗಾಲಯಕ್ಕೂ ನಡುವಿನ ಅಂತರ ಕಡಮೆಯಾಗುವುದಿಲ್ಲ. ಅದಕ್ಕೆ ವಿದ್ಯಾರ್ಥಿ ಮಾದರಿಯೊಂದರ ಜೊತೆಯಲ್ಲಿ ಸ್ವತಃ ನಡೆದುಹೋಗಬೇಕು.

ಉದಾಹರಣೆಗೆ ಕಫದ ಪರೀಕ್ಷೆಯನ್ನು ನೋಡಬಹುದು. ನ್ಯುಮೋನಿಯ, ಅಂದರೆ ಶ್ವಾಸಕೋಶದ ಉರಿಯೂತವಿರುವ ರೋಗಿಯ ಕೈಗೆ ಡಬ್ಬಿ ಕೊಟ್ಟು ಕಫ ತೆಗೆದಿಡಿ ಎಂದರೆ, ಅನೇಕರು ಉಗುಳನ್ನು ತುಂಬಿ ಕೊಡುತ್ತಾರೆ. ಬಾಯನ್ನು ನೀರಿನಿಂದ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯ ಒಳಗಿನಿಂದ ಕೆಮ್ಮಿ ತೆಗೆಯಬೇಕೆಂದು ಅವರಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಉಗುಳಿನಲ್ಲಿ ಬಾಯಿಯಲ್ಲಿ ಸದಾ ವಾಸಿಸುವ ನಿರಪಾಯ ಬ್ಯಾಕ್ಟೀರಿಯಗಳೇ ತುಂಬಿರುವುದರಿಂದ ಅದನ್ನು ಬೆಳೆಸಿ ಬಂದ ಉತ್ತರ ರೋಗಿಗೆ ಉಪಯೋಗವಾಗದಿರುವುದಷ್ಟೇ ಅಲ್ಲ, ದಾರಿ ತಪ್ಪಿಸಲೂಬಹುದು. ಇದನ್ನು ತಡೆಯಲು ಪ್ರಯೋಗಾಲಯದಲ್ಲಿ ಒಂದು ಸರಳ ಜರಡಿಯಿದೆ. ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯ ಮಸೂರದಲ್ಲಿ ನೋಡಿದಾಗ, ಒಂದು ನೋಟದಲ್ಲಿ 25ಕ್ಕಿಂತ ಹೆಚ್ಚು ಕೀವುಕೋಶಗಳೂ 10ಕ್ಕಿಂತ ಕಡಿಮೆ ಬಾಯಿಯ ಒಳಪದರದ ಕೋಶಗಳೂ ಇದ್ದರೆ ಅದು ಎದೆಯಿಂದ ಬಂದ ಕಫ. ಬಾಯಿಯ ಅಗಲ ಕೋಶಗಳೇ ತುಂಬಿದ್ದರೆ ಮಾದರಿಯನ್ನು ತಿರಸ್ಕರಿಸಿ ಮತ್ತೊಂದನ್ನು ಕೇಳಬೇಕು. ಬಂದ ಮಾದರಿಯನ್ನು ಬೇಡವೆನ್ನುವ ಈ ಧೈರ್ಯ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಗುಣ. ಅದರ ಜೊತೆಗೇ ವಾರ್ಡಿಗೆ ಹೋಗಿ ಸರಿಯಾದ ಮಾದರಿ ಕೊಡುವುದು ಹೇಗೆಂದು ರೋಗಿಗೆ ತಿಳಿಸಿಕೊಡುವುದು ಎರಡನೆಯ ಗುಣ.

ಹಾಗೆ ಒಪ್ಪಿಕೊಂಡ ಕಫಕ್ಕೆ ಹಾಕುವ ಬಣ್ಣ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಕ್ರಮದ್ದು. ಗಾಜಿನ ಪಟ್ಟಿಯ ಮೇಲೆ ನೇರಳೆ ಬಣ್ಣ ಒಂದು ನಿಮಿಷ, ಬಳಿಕ ಅಯೋಡಿನ್ ದ್ರಾವಣ ಒಂದು ನಿಮಿಷ, ಆಮೇಲೆ ಬಣ್ಣ ತೊಳೆಯುವ ಅಸಿಟೋನ್ ಅಥವಾ ಮದ್ಯಸಾರ ಕೆಲವೇ ಸೆಕೆಂಡು, ಕೊನೆಗೆ ಸಾಫ್ರನಿನ್ ಎಂಬ ಕೆಂಬಣ್ಣ. ಕೋಶದ ಹೊರಗೋಡೆ ದಪ್ಪಗಿರುವ ಬ್ಯಾಕ್ಟೀರಿಯಗಳು ನೇರಳೆಯನ್ನು ಬಿಟ್ಟುಕೊಡದೆ ನೇರಳೆಯಾಗಿಯೇ ಉಳಿಯುತ್ತವೆ; ಗೋಡೆ ತೆಳುವಾಗಿರುವವು ಅದನ್ನು ಕಳೆದುಕೊಂಡು ನಸುಗೆಂಪಾಗುತ್ತವೆ. ಈ ನಾಲ್ಕು ಹೆಜ್ಜೆಗಳಲ್ಲಿ ವಿದ್ಯಾರ್ಥಿಯ ಕೈ ಎಡವುವುದು ಹೆಚ್ಚಾಗಿ ಮೂರನೆಯದರಲ್ಲಿ: ಅಸಿಟೋನ್ ತುಸು ಹೆಚ್ಚು ಹೊತ್ತು ನಿಂತರೆ ನೇರಳೆಯಾಗಿ ಉಳಿಯಬೇಕಾದದ್ದೂ ಕೆಂಪಾಗಿ, ಒಂದು ಗುಂಪಿನ ಜೀವಿ ಮತ್ತೊಂದು ಗುಂಪಿಗೆ ಸೇರಿಹೋಗುತ್ತದೆ. ಸರಿಯಾಗಿ ಮಾಡಿದ ಪಟ್ಟಿಯ ಮೇಲೆ ಎಣ್ಣೆಯ ಹನಿ ಬಿಟ್ಟು ಸಾವಿರ ಪಟ್ಟು ಹಿಗ್ಗಿಸಿ ನೋಡಿದಾಗ, ಕೀವುಕೋಶಗಳ ನಡುವೆ ಜೋಡಿಜೋಡಿಯಾಗಿ, ಹೊರತುದಿ ಚೂಪಾಗಿ ಕಾಣುವ ನೇರಳೆ ಬಿಂದುಗಳು ನ್ಯುಮೋಕಾಕಸ್ ಇರಬಹುದೆಂದು ಸೂಚಿಸುತ್ತವೆ. ದಪ್ಪನೆಯ ನಸುಗೆಂಪು ಕಡ್ಡಿಗಳು ಕ್ಲೆಬ್ಸಿಯೆಲ್ಲದ ಅನುಮಾನ ಹುಟ್ಟಿಸುತ್ತವೆ. ಕಲ್ಚರ್, ಅಂದರೆ ಜೀವಿಯನ್ನು ತಟ್ಟೆಯಲ್ಲಿ ಬೆಳೆಸುವ ಪರೀಕ್ಷೆ, ಉತ್ತರ ಕೊಡಲು ಎರಡು ದಿನ ಹಿಡಿಯುವಲ್ಲಿ, ಅರ್ಧ ಗಂಟೆಯೊಳಗೆ ವೈದ್ಯರ ಕೈಗೆ ಇಷ್ಟಾದರೂ ದಿಕ್ಕು ಕೊಡುವ ಈ ಅಗ್ಗದ ಪರೀಕ್ಷೆಯನ್ನು ಯಂತ್ರಗಳ ಭರಾಟೆಯಲ್ಲಿ ಕಡೆಗಣಿಸುತ್ತಿರುವುದು ಖೇದದ ವಿಷಯ.

ಮಾದರಿ ಯಾವುದು ಎಂಬುದರಷ್ಟೇ ಅದನ್ನು ಯಾವಾಗ ತೆಗೆದದ್ದು ಎಂಬುದೂ ಮುಖ್ಯವೆನ್ನಲು ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಒಳ್ಳೆಯ ನಿದರ್ಶನ. ಕಾಯಿಲೆಯ ಮೊದಲ ವಾರದಲ್ಲಿ ಇದರ ಬ್ಯಾಕ್ಟೀರಿಯ ರಕ್ತದಲ್ಲಿರುತ್ತದೆ. ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೂ ಸಿಗದಷ್ಟು ವಿರಳವಾಗಿರಬಹುದು. ಆದಕಾರಣ ದೊಡ್ಡವರಲ್ಲಿ ಪ್ರತಿ ಸೀಸೆಗೆ 8ರಿಂದ 10 ಮಿಲಿಲೀಟರ್ ರಕ್ತವನ್ನು, ಚರ್ಮವನ್ನು ಚೆನ್ನಾಗಿ ಶುಚಿಮಾಡಿ, ಆಂಟಿಬಯೋಟಿಕ್ ಔಷಧದ ಮೊದಲ ಗುಳಿಗೆಗೂ ಮುಂಚೆ ತೆಗೆಯಬೇಕು. ನಮ್ಮ ಊರುಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವ್ಯತಿರಿಕ್ತ. ಔಷಧದಂಗಡಿಯಲ್ಲಿ ಕೊಂಡ ಗುಳಿಗೆಗಳನ್ನು ನಾಲ್ಕು ದಿನ ನುಂಗಿ, ಜ್ವರ ಬಿಡದಿದ್ದಾಗ ಆಸ್ಪತ್ರೆಗೆ ಬಂದವರಿಗೆ ವೀಡಾಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದು ಬರೆದುಕೊಡಲಾಗುತ್ತದೆ. ಫ್ರಾನ್ಸಿನ ವೀಡಾಲ್ 1896ರಲ್ಲಿ ರೂಪಿಸಿದ ಈ ಪರೀಕ್ಷೆ ಬ್ಯಾಕ್ಟೀರಿಯವನ್ನು ಹುಡುಕುವುದಿಲ್ಲ. ಬ್ಯಾಕ್ಟೀರಿಯದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ಅಳೆಯುತ್ತದೆ. ಅವು ಮೂಡಲು ವಾರವಾದರೂ ಬೇಕು. ಹಿಂದೆಂದೋ ಬಂದುಹೋದ ಸೋಂಕಿನಿಂದಲೂ, ಲಸಿಕೆಯಿಂದಲೂ ಅವು ರಕ್ತದಲ್ಲಿ ಉಳಿದಿರಬಹುದು. ಟೈಫಾಯ್ಡ್ ನೆಲೆಯೂರಿರುವ ನಾಡಿನಲ್ಲಿ ಒಂದೇ ಒಂದು ವೀಡಾಲ್ ಫಲಿತಾಂಶವನ್ನು ನಂಬಿ ಚಿಕಿತ್ಸೆ ನಡೆಸುವುದು ಎಷ್ಟೋ ಮಲೇರಿಯ, ಡೆಂಗಿ, ಇಲಿಜ್ವರಗಳನ್ನು ಮರೆಮಾಚುತ್ತದೆ. ವಾರ ಹತ್ತು ದಿನಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಪ್ರತಿಕಾಯ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕೆಂದು ಪ್ರತಿ ಪುಸ್ತಕವೂ ಹೇಳುತ್ತದೆ. ಪರೀಕ್ಷೆಯಲ್ಲಿ ಹಾಗೆಂದೇ ಬರೆದು ತೇರ್ಗಡೆಯಾದವರು ವೃತ್ತಿಗೆ ಇಳಿದ ಮೇಲೆ ಅದನ್ನು ಕೈಬಿಡುತ್ತಾರೆಂದರೆ, ಕಲಿಸುವ ರೀತಿಯಲ್ಲಿಯೇ ಕೊರತೆಯಿದೆ ಎಂದು ತಿಳಿಯಬೇಕು.

ಮಾದರಿಯ ಪ್ರಯಾಣವೂ ಪಾಠದ ವಸ್ತುವೇ. ಮೂತ್ರದ ಮಾದರಿಯಲ್ಲಿ ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಗಳಿದ್ದರೆ ಅದನ್ನು ಸಾಮಾನ್ಯವಾಗಿ ಸೋಂಕೆಂದು ಪರಿಗಣಿಸುತ್ತಾರೆ. ಅನುಕೂಲ ಸ್ಥಿತಿಯಲ್ಲಿ ಈ ಜೀವಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸುವುದರಿಂದ, ಬೇಸಗೆಯ ಮಧ್ಯಾಹ್ನ ವಾರ್ಡಿನ ಮೇಜಿನ ಮೇಲೆ ಮರೆತುಹೋದ ಡಬ್ಬಿ ಇಲ್ಲದ ಸೋಂಕನ್ನು ಸೃಷ್ಟಿಸಬಲ್ಲದು. ಎರಡು ಗಂಟೆಯೊಳಗೆ ಕಳಿಸಲಾಗದಿದ್ದರೆ ಅದನ್ನು ಫ್ರಿಜ್ಜಿನಲ್ಲಿಡಬೇಕು. ಮಿದುಳುಪೊರೆಯ ಉರಿಯೂತದ ಶಂಕೆಯಿಂದ ಬೆನ್ನಿನಿಂದ ತೆಗೆದ ದ್ರವವನ್ನು ಬ್ಯಾಕ್ಟೀರಿಯ ಪರೀಕ್ಷೆಗೆ ಕಳಿಸುವಾಗ ಮಾತ್ರ ಫ್ರಿಜ್ಜಿನಲ್ಲಿ ಇಡಲೇಕೂಡದು. ಆ ರೋಗ ತರುವ ಕೆಲವು ಬ್ಯಾಕ್ಟೀರಿಯಗಳು ತಂಪಿಗೆ ಸತ್ತುಹೋಗುತ್ತವೆ. ಕಾಲರಾದ ವಿಷಯದಲ್ಲಿ ಸಾಗಣೆಯ ಈ ಸಮಸ್ಯೆಗೆ ಭಾರತದಲ್ಲಿಯೇ ಪರಿಹಾರ ಕಂಡುಹಿಡಿಯಲಾಯಿತು. ಹಳ್ಳಿಯಲ್ಲಿ ರೋಗ ತಲೆದೋರಿದಾಗ ಅಕ್ಕಿ ತೊಳೆದ ನೀರಿನಂಥ ಆ ಭೇದಿಯನ್ನು ದೂರದ ನಗರದ ಪ್ರಯೋಗಾಲಯಕ್ಕೆ ಸಾಗಿಸುವಷ್ಟರಲ್ಲಿ ಇತರ ಬ್ಯಾಕ್ಟೀರಿಯಗಳು ಬೆಳೆದು ಕಾಲರಾದ್ದನ್ನು ಅಡಗಿಸಿಬಿಡುತ್ತಿದ್ದವು. ವೆಂಕಟರಾಮನ್ ಮತ್ತು ರಾಮಕೃಷ್ಣನ್ ಎಂಬ ವಿಜ್ಞಾನಿಗಳು 1941ರಲ್ಲಿ ಸಮುದ್ರದ ಉಪ್ಪು, ಪೆಪ್ಟೋನ್ ಎಂಬ ಪ್ರೋಟೀನ್ ಸಾರ ಮತ್ತು ನೀರಿನಿಂದ ಕ್ಷಾರಗುಣದ ಒಂದು ದ್ರವವನ್ನು ತಯಾರಿಸಿದರು; ಅದರಲ್ಲಿ ಕಾಲರಾ ಬ್ಯಾಕ್ಟೀರಿಯ ಹೆಚ್ಚದಿದ್ದರೂ ವಾರಗಟ್ಟಲೆ ಜೀವಂತವಾಗಿ ಉಳಿಯುತ್ತದೆ. ಅವರ ಹೆಸರಿನ ಮೊದಲಕ್ಷರಗಳಿಂದ ವಿ.ಆರ್. ದ್ರವವೆಂದು ಕರೆಯುವ ಇದು ಅತ್ಯಲ್ಪ ಖರ್ಚಿನದು, ಹಳ್ಳಿಯ ಪರಿಸ್ಥಿತಿಯನ್ನು ಅರಿತು ಮಾಡಿದ್ದು.

ಬೆಳೆದ ಬ್ಯಾಕ್ಟೀರಿಯ ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವ ಪರೀಕ್ಷೆ ಮುಂದಿನ ಮೆಟ್ಟಿಲು. ಅಗರ್ ತಟ್ಟೆಯ ತುಂಬ ಆ ಬ್ಯಾಕ್ಟೀರಿಯವನ್ನು ಹರಡಿ, ಮೇಲೆ ಔಷಧ ಹೀರಿಸಿದ ಚಿಕ್ಕ ಕಾಗದದ ಬಿಲ್ಲೆಗಳನ್ನಿಟ್ಟು, ಒಂದು ರಾತ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ, ಪರಿಣಾಮಕಾರಿಯಾದ ಔಷಧದ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ತಿಳಿ ವರ್ತುಲ ಮೂಡುತ್ತದೆ. ಅದರ ಅಗಲವನ್ನು ಮಿಲಿಮೀಟರುಗಳಲ್ಲಿ ಅಳೆದು, ಆ ಔಷಧಕ್ಕೆಂದೇ ನಿಗದಿಯಾದ ಕೋಷ್ಟಕದೊಡನೆ ಹೋಲಿಸಬೇಕು. ವರ್ತುಲ ದೊಡ್ಡದಾದಷ್ಟೂ ಔಷಧ ಶಕ್ತಿಶಾಲಿಯೆಂದು ಎರಡು ಔಷಧಗಳನ್ನು ಪರಸ್ಪರ ತೂಗುವುದು ತಪ್ಪು, ಏಕೆಂದರೆ ಒಂದೊಂದು ಔಷಧ ಅಗರ್‌ನಲ್ಲಿ ಹರಡುವ ವೇಗ ಒಂದೊಂದು ಬಗೆ. ಕಂಡ ಕಂಡ ಜ್ವರಕ್ಕೆಲ್ಲ ಆಂಟಿಬಯೋಟಿಕ್ ಕೊಟ್ಟು, ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಗಳನ್ನು ನಾವೇ ಆಯ್ದು ಬೆಳೆಸುತ್ತಿರುವ ಈ ಕಾಲದಲ್ಲಿ, ಈ ತಟ್ಟೆಯನ್ನು ಸರಿಯಾಗಿ ಓದಬಲ್ಲ ಒಬ್ಬರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕಾದ ಅಗತ್ಯವಿದೆ.

ಇಲ್ಲಿಯವರೆಗಿನ ಮಾತು ಆಸ್ಪತ್ರೆಯ ಒಳಗಿನದಾಯಿತು. ಸೋಂಕುರೋಗದ ವಿದ್ಯಾರ್ಥಿಗೆ ಆಸ್ಪತ್ರೆಯ ಗೋಡೆಯ ಹೊರಗೂ ಮಾದರಿಗಳಿವೆ ಎಂಬುದನ್ನು ಕರ್ನಾಟಕದ ಮಲೆನಾಡಿನಷ್ಟು ಚೆನ್ನಾಗಿ ಕಲಿಸುವ ನೆಲ ಮತ್ತೊಂದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯತೊಡಗಿ, ಅದೇ ಹೊತ್ತಿನಲ್ಲಿ ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ಮುನ್ಸೂಚನೆಯಾಗಿ ಕೋತಿಗಳು ಸಾಯುವುದು ತಿಳಿದಿದ್ದ ತಜ್ಞರಿಗೆ, ಏಷ್ಯದಲ್ಲಿ ಅದುವರೆಗೆ ಕಾಣಿಸಿಕೊಳ್ಳದಿದ್ದ ಆ ಮಾರಿ ಭಾರತವನ್ನು ಹೊಕ್ಕಿತೇ ಎಂಬ ಭಯ ಹುಟ್ಟಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಅವರ ನೇತೃತ್ವದಲ್ಲಿ ವಿಜ್ಞಾನಿಗಳು ಬಂದು, ಸತ್ತ ಮಂಗಗಳ ಅಂಗಾಂಶಗಳನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿ ಬೇರ್ಪಡಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಸಾವಿರಾರು ಮೈಲಿ ದೂರದ ರಷ್ಯದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿನ ಸಂಬಂಧಿಯಾಗಿತ್ತು. ಕ್ಯಾಸನೂರು ಕಾಡಿನ ಕಾಯಿಲೆಯೆಂದು ಶಾಸ್ತ್ರದಲ್ಲಿ ಹೆಸರಾದ ಅದನ್ನು ಊರಿನ ಜನ ಮಂಗನ ಕಾಯಿಲೆ ಎಂದೇ ಕರೆಯುತ್ತಾರೆ.

ಮಂಗ ಇದನ್ನು ನೇರವಾಗಿ ಮನುಷ್ಯನಿಗೆ ದಾಟಿಸುವುದಿಲ್ಲ, ದಾಟಿಸುವುದು ಉಣುಗು. ಹೀಮಫೈಸಾಲಿಸ್ ಸ್ಪೈನಿಜೆರ ಎಂಬ ಜಾತಿಯ ಉಣುಗು ಮರಿಯಾಗಿದ್ದಾಗ ಸೋಂಕಿದ ಮಂಗದ ಅಥವಾ ಕಾಡಿನ ಸಣ್ಣ ಪ್ರಾಣಿಗಳ ರಕ್ತ ಹೀರಿ ವೈರಸ್ಸನ್ನು ಪಡೆದು, ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದಾಗ, ತರಗೆಲೆಗೋ ಸೊಪ್ಪಿಗೋ ಸೌದೆಗೋ ಕಾಡಿಗೆ ಹೋದ ಮನುಷ್ಯನನ್ನು ಕಚ್ಚುತ್ತದೆ. ಮಳೆಗಾಲ ಕಳೆದು ಬೇಸಗೆ ಮುಗಿಯುವವರೆಗಿನ ತಿಂಗಳುಗಳಲ್ಲಿ ಈ ಹಂತದ ಉಣುಗುಗಳು ಹೆಚ್ಚುವುದರಿಂದ ರೋಗವೂ ಆ ಕಾಲದಲ್ಲೇ ಹೆಚ್ಚುತ್ತದೆ. ಬೆಳೆದ ಉಣುಗು ದನಗಳ ಮೈಮೇಲೆ ಹೊಟ್ಟೆ ತುಂಬಿಸಿಕೊಂಡು ಸಾವಿರಾರು ಮೊಟ್ಟೆಯಿಡುತ್ತದೆ. ಕಾಡು ಕಡಿದು ಸಾಗುವಳಿಗೆ ತಂದ ಜಾಗಗಳ ಅಂಚಿನಲ್ಲಿ ದನಗಳ ಓಡಾಟ ಹೆಚ್ಚಿದಂತೆ ಉಣುಗಿನ ಸಂತತಿಯೂ ಹೆಚ್ಚಿ ರೋಗಕ್ಕೆ ದಾರಿಯಾಯಿತೆಂದು ಕೊಲಂಬಿಯದಿಂದ ಬಂದು ಇಲ್ಲಿ ಸಂಶೋಧನೆ ನಡೆಸಿದ ಬೋಶೆಲ್ ವಾದಿಸಿದರು. ಕಾಡಿನ ನೆಲದ ಮೇಲೆ ಬಟ್ಟೆಯೊಂದನ್ನು ಎಳೆಯುತ್ತ ನಡೆದು, ಅದಕ್ಕೆ ಹತ್ತಿಕೊಂಡ ಉಣುಗುಗಳನ್ನು ಒಂದೊಂದಾಗಿ ಆರಿಸಿ ಸೀಸೆಗೆ ಹಾಕುವುದು ಈ ರೋಗದ ಅಧ್ಯಯನದಲ್ಲಿ ಮಾದರಿ ಸಂಗ್ರಹದ ಕ್ರಮ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಅದರ ಸುತ್ತಲ ನೆಲದಲ್ಲಿ ದಟ್ಟವಾಗಿರುವುದರಿಂದ, ಮಂಗ ಸತ್ತು ಬಿದ್ದ ಸುದ್ದಿಯನ್ನು ಹಳ್ಳಿಯವರು ಒಡನೆ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದು ಯಾವ ಯಂತ್ರಕ್ಕಿಂತಲೂ ಮೊದಲು ಕೆಲಸ ಮಾಡುವ ಮುನ್ನೆಚ್ಚರಿಕೆ.

ರೋಗಿಯಿಂದ ತೆಗೆಯುವ ರಕ್ತದಲ್ಲಿಯೂ ಇಲ್ಲಿ ದಿನದ ಲೆಕ್ಕವಿದೆ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನ ಜೀನುಗಳನ್ನೇ ಪತ್ತೆ ಹಚ್ಚುವ ಪಿ.ಸಿ.ಆರ್. ಪರೀಕ್ಷೆ ಫಲಕಾರಿ; ದಿನ ಕಳೆದ ಮೇಲೆ ಪ್ರತಿಕಾಯವನ್ನು ಹುಡುಕುವ ಎಲೈಸಾ ಪರೀಕ್ಷೆ ಬೇಕು. ಈ ವೈರಸ್ಸಿನೊಡನೆ ಕೆಲಸ ಮಾಡುವ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿದ ದಾಖಲೆಗಳಿರುವುದರಿಂದ, ಅದನ್ನು ಬೆಳೆಸುವ ಕೆಲಸ ಉನ್ನತ ಮಟ್ಟದ ಜೈವಿಕ ಸುರಕ್ಷತೆಯಿರುವ ಕೊಠಡಿಗಳಲ್ಲಿ ಮಾತ್ರ ನಡೆಯುತ್ತದೆ. ಕರ್ನಾಟಕದಲ್ಲಿ 1990ರಿಂದ ಕೊಡುತ್ತಿದ್ದ ಲಸಿಕೆಯ ಬಳಕೆ ಅದರ ಸತ್ವ ಸಾಲದೆಂದು 2022ರಲ್ಲಿ ನಿಂತಿತು. ರೋಗವಾದರೋ ಶಿವಮೊಗ್ಗದ ಗಡಿ ದಾಟಿ, ಪಶ್ಚಿಮ ಘಟ್ಟದ ಉದ್ದಕ್ಕೂ ಚಾಮರಾಜನಗರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರವರೆಗೆ ಅದು ತಂದ ಸಾವುನೋವು ನಾಡಿಗೆಲ್ಲ ತಿಳಿದಿದೆ. ಆರು ದಶಕಗಳಾದರೂ ತಕ್ಕ ಲಸಿಕೆ ಸಿಗದಿರುವುದಕ್ಕೆ ಇದು ಬಡವರ, ಕಾಡಿನಂಚಿನವರ ಕಾಯಿಲೆಯಾಗಿರುವುದೂ ಒಂದು ಕಾರಣವೆಂದರೆ ತಪ್ಪಾಗಲಾರದು.

ಸ್ನಾತಕೋತ್ತರ ವ್ಯಾಸಂಗಕ್ಕೆ ಬಂದಾಗ ಮಾದರಿಯ ಪ್ರಶ್ನೆ ಇನ್ನೂ ಆಳವಾಗುತ್ತದೆ. ಮೂರು ವರ್ಷದ ಎಂ.ಡಿ. ಪದವಿಯಲ್ಲಿ ವಿದ್ಯಾರ್ಥಿಯೊಬ್ಬರು ಬರೆಯಬೇಕಾದ ಪ್ರಬಂಧವನ್ನು ಪದವಿಗಾಗಿ ಪೂರೈಸುವ ಒಂದು ವಿಧಿಯೆಂದು ಬಗೆಯುವವರೇ ಹೆಚ್ಚು. ಅದಕ್ಕೆ ಉತ್ತರವಾಗಿ ಮದ್ರಾಸ್ ಮೆಡಿಕಲ್ ಕಾಲೇಜಿನ ಒಂದು ಪ್ರಬಂಧವನ್ನು ಹೆಸರಿಸಬಹುದು. 1980ರ ದಶಕದ ನಡುವೆ ಏಡ್ಸ್ ಪಶ್ಚಿಮ ದೇಶಗಳ ಪಿಡುಗೆಂದೂ ಭಾರತಕ್ಕೆ ಅದು ಬಾರದೆಂದೂ ಬಲ್ಲವರೇ ನಂಬಿದ್ದ ಕಾಲದಲ್ಲಿ, ಅಲ್ಲಿಯ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಎಚ್.ಐ.ವಿ. ಸೋಂಕನ್ನು ಹುಡುಕುವ ವಿಷಯವನ್ನು ಸೂಚಿಸಿದರು. ನಿರ್ಮಲಾ ಅವರು ಲೈಂಗಿಕ ವೃತ್ತಿಯಲ್ಲಿದ್ದು ಸರಕಾರಿ ಗೃಹವೊಂದರಲ್ಲಿ ಇರಿಸಲ್ಪಟ್ಟಿದ್ದ ಮಹಿಳೆಯರ ರಕ್ತವನ್ನು ತೆಗೆದು, ರಕ್ತಸಾರವನ್ನು ಬೇರ್ಪಡಿಸಿ, ಬೇರೆ ಅನುಕೂಲವಿಲ್ಲದೆ ಮನೆಯ ಫ್ರಿಜ್ಜಿನಲ್ಲಿ ಕಾಪಾಡಿ, ಚೆನ್ನೈಯಲ್ಲಿ ಆಗ ಪರೀಕ್ಷೆಯ ಸೌಲಭ್ಯವಿಲ್ಲದಿದ್ದುದರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. 1986ರಲ್ಲಿ ಅಲ್ಲಿ ಆರು ಮಾದರಿಗಳು ಸೋಂಕನ್ನು ತೋರಿಸಿದವು. ಅಮೆರಿಕದಲ್ಲಿ ನಡೆಸಿದ ಪರೀಕ್ಷೆ ಅದನ್ನು ದೃಢಪಡಿಸಿತು. ಒಂದು ದೇಶ ತನ್ನ ರೋಗದ ಚಿತ್ರವನ್ನು ತಿದ್ದಿಕೊಳ್ಳುವಂತೆ ಮಾಡಿದ್ದು ಹೀಗೆ ಒಂದು ವಿದ್ಯಾರ್ಥಿ ಪ್ರಬಂಧ. ದೇಶದ ರಕ್ತನಿಧಿಗಳಲ್ಲಿ ದಾನದ ರಕ್ತವನ್ನು ಎಚ್.ಐ.ವಿ.ಗಾಗಿ ಪರೀಕ್ಷಿಸುವ ಏರ್ಪಾಡು ಬಂದದ್ದು ಆ ಬಳಿಕವೇ.

ಆದರೆ ಇದೇ ಪ್ರಬಂಧ ಇಂದಿನ ತರಗತಿಯಲ್ಲಿ ಮತ್ತೊಂದು ಕಾರಣಕ್ಕೂ ಚರ್ಚೆಯಾಗಬೇಕು. ಆ ಮಹಿಳೆಯರಿಗೆ ಪರೀಕ್ಷೆ ಯಾವುದಕ್ಕೆಂದು ತಿಳಿಸಿರಲಿಲ್ಲವೆಂದು ನಿರ್ಮಲಾ ಅವರೇ ಮುಂದೆ ಹೇಳಿದ್ದಾರೆ. ಆ ಕಾಲದ ರೂಢಿ ಹಾಗಿತ್ತು. ಭಾರತದಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕುರಿತ 2017ರ ಕಾಯಿದೆ ಈಗ ತಿಳಿವಳಿಕೆಯ ಸಮ್ಮತಿ, ಅಂದರೆ ಪರೀಕ್ಷೆಯ ಉದ್ದೇಶವನ್ನೂ ಪರಿಣಾಮವನ್ನೂ ಅರಿತುಕೊಂಡ ಮೇಲೆ ಕೊಡುವ ಒಪ್ಪಿಗೆಯನ್ನು, ಕಡ್ಡಾಯ ಮಾಡಿದೆ. ರಕ್ತದ ಸೀಸೆಯ ಮೇಲೆ ಸಂಖ್ಯೆಯಿದ್ದರೂ ಅದರ ಹಿಂದೆ ಹೆಸರಿರುವ, ಊರಿರುವ, ಅಪಮಾನಕ್ಕೆ ಹೆದರುವ ವ್ಯಕ್ತಿಯೊಬ್ಬರಿದ್ದಾರೆ ಎಂಬ ಅರಿವು ಸೋಂಕುರೋಗದ ವಿದ್ಯಾರ್ಥಿಗೆ ಬಣ್ಣ ಹಾಕುವ ಕೌಶಲದಷ್ಟೇ ಆವಶ್ಯಕ.

ಎಂ.ಡಿ.ಯ ಹಾದಿಯ ಹೊರಗೆ, ವೈದ್ಯರಲ್ಲದವರಿಗೂ ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್‌ಸಿ. ಪದವಿ ಕೆಲವು ವಿಶ್ವವಿದ್ಯಾಲಯಗಳಲ್ಲಿದೆ, ವೈದ್ಯರಿಗೆ ಎಂ.ಡಿ.ಯ ಬಳಿಕ ಸೋಂಕುರೋಗಗಳಲ್ಲಿಯೇ ಪರಿಣತಿ ಕೊಡುವ ಡಿ.ಎಂ. ಪದವಿಯೂ ಬಂದಿದೆ. ಹಾಸಿಗೆಯ ಪಕ್ಕದ ವೈದ್ಯರೂ ಪ್ರಯೋಗಾಲಯದವರೂ ಒಬ್ಬರ ಮಾತು ಒಬ್ಬರು ಕೇಳಿದಾಗ ಏನಾಗುತ್ತದೆಂಬುದಕ್ಕೆ 2018ರ ಮೇ ತಿಂಗಳ ಕೋಳಿಕ್ಕೋಡ್ ಸಾಕ್ಷಿ. ಮಿದುಳಿನ ಉರಿಯೂತದಿಂದ ಬಂದ ರೋಗಿಯ ಮನೆಯಲ್ಲಿ ಆಗಲೇ ಒಬ್ಬರು ಅದೇ ರೀತಿ ಸತ್ತಿದ್ದರೆಂಬುದನ್ನು ಅಲ್ಲಿನ ವೈದ್ಯರು ಗಮನಿಸಿ, ಇದು ಸಾಮಾನ್ಯ ಮಿದುಳುಜ್ವರವಲ್ಲವೆಂದು ಶಂಕಿಸಿ, ಕರ್ನಾಟಕದ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಮಾದರಿ ಕಳಿಸಿದರು. ಮಣಿಪಾಲದಲ್ಲಿ ಅದು ಬಾವಲಿಗಳಿಂದ ಬರುವ ನಿಪಾ ವೈರಸ್ ಎಂದು ಗೊತ್ತಾಗಿ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸಿತು. ಎರಡನೆಯ ರೋಗಿಯಲ್ಲೇ ರೋಗ ಪತ್ತೆಯಾದದ್ದರಿಂದ, ಸೋಂಕಿತರನ್ನೂ ಅವರ ಸಂಪರ್ಕಕ್ಕೆ ಬಂದವರನ್ನೂ ಬೇರೆಯಾಗಿ ಇರಿಸಿ ಅದನ್ನು ಆ ಜಿಲ್ಲೆಯ ಸುತ್ತಲೇ ಕಟ್ಟಿಹಾಕಲು ಸಾಧ್ಯವಾಯಿತು.

ಕರ್ನಾಟಕದ ವಿದ್ಯಾರ್ಥಿಗೆ ಕೆಲಸದ ಕೊರತೆಯಿಲ್ಲ. ಕರಾವಳಿಯ ಗದ್ದೆ ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಯ ಮೂತ್ರ ಬೆರೆತ ನೀರಿನಿಂದ ತಗಲುವ ಇಲಿಜ್ವರವಿದೆ. ಪೊದೆಗಳಲ್ಲಿರುವ ನುಸಿಯ ಮರಿಗಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರವಿದೆ. ಸಕಾಲದಲ್ಲಿ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಗುಳಿಗೆ ಕೊಟ್ಟರೆ ಬೇಗ ಗುಣವಾಗುವ ಇದು, ಗುರುತಿಸದೆ ಬಿಟ್ಟರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳನ್ನು ಕೆಡಿಸಿ ಕೊಲ್ಲಬಲ್ಲದು. ಇದರ ನುಸಿ ಕಚ್ಚಿದ ಜಾಗದಲ್ಲಿ ಎಸ್ಕಾರ್ ಎಂದು ಕರೆಯುವ, ಸುಟ್ಟ ಗಾಯದಂಥ ಒಂದು ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ನೋಯುವುದಿಲ್ಲವಾದ್ದರಿಂದ ರೋಗಿಗೇ ತಿಳಿದಿರುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಸೊಂಟದ ಸುತ್ತ, ಹೀಗೆ ಬಟ್ಟೆ ಮುಚ್ಚಿದ ಎಡೆಗಳಲ್ಲಿಯೇ ಅದು ಹೆಚ್ಚು. ರೋಗಿಯ ಒಪ್ಪಿಗೆ ಪಡೆದು, ಮರೆಯಲ್ಲಿ, ಮೈಯನ್ನೆಲ್ಲ ಪರೀಕ್ಷಿಸಿದ ವೈದ್ಯರಿಗೆ ಮಾತ್ರ ಅದು ಕಾಣುತ್ತದೆ. ಹಾಗೆ ಕಂಡ ಹಕ್ಕಳೆಯ ಒಂದು ಚೂರನ್ನು ಪಿ.ಸಿ.ಆರ್. ಪರೀಕ್ಷೆಗೆ ಕಳಿಸಿದರೆ, ಔಷಧ ಆರಂಭವಾಗಿ ರಕ್ತದಲ್ಲಿ ರೋಗಾಣು ಸಿಗದಾದ ಮೇಲೂ ಅದರಲ್ಲಿ ಸಿಗುವ ಸಾಧ್ಯತೆಯಿದೆ.